ಉಪ್ಪಿಳಿಯುವ ತನಕ

ಚಿಲೋಯೆ ದ್ವೀಪದಲ್ಲಿ ಇಳಿತ ಅಂದರೆ ಇಳಿತವೇ.
ಬಾಡಿಗೆ ಬಾಕಿಯಿಟ್ಟವರ ಹಾಗೆ ಕಡಲು
ಬೆಳಗಾಗುವುದರೊಳಗೆ ಖಾಲಿ ಮಾಡಿ ಹೋಗಿರುತ್ತದೆ,
ದೋಣಿಗಳನ್ನು ಕೆಸರಲ್ಲಿ ಮಗ್ಗುಲಾಗಿ ಬಿಟ್ಟು,
ದಡದುದ್ದಕ್ಕೂ ಹಸಿರು ಪಾಚಿ ಬಿಟ್ಟು.
ಇವರ ಮಾತಲ್ಲಿ ಅದು ಲಮೀಯಾ.

ನಾನು ಉತ್ತರದ ಗಣಿಯೂರಿನವಳು.
ಅಲ್ಲಿ ಮಣ್ಣೆಂದರೆ ಬಟ್ಟೆಯಿಂದ ಕೊಡವಿಕೊಳ್ಳುವ ವಸ್ತು.
ಬಂದ ಮೊದಲ ಜೂನ್‌ನಲ್ಲಿ
ಅತ್ತೆ ಎರ್ಮೆಲಿಂಡಾ ಕೈಗೊಂದು ಕುಂಟೆ ಕೊಟ್ಟು
“ಬಾ, ಮಣ್ಣು ತರೋಣ” ಅಂದು
ಕಡಲ ಕಡೆ ಯಾಕೆ ತಿರುಗಿದಳೋ ಹೊಳೆಯಲಿಲ್ಲ.

ಎಳೆದೆವು. ಒದ್ದೆ ಪಾಚಿ ಬಲು ಭಾರ,
ಸ್ನಾನ ಬೇಡವೆಂದು ರಚ್ಚೆ ಹಿಡಿದ ಮಗುವಿನಂತೆ
ತೋಳಿಂದ ಜಾರುತ್ತದೆ.
ಬುಟ್ಟಿಯೊಳಗೆ ಏಡಿಮರಿ, ಚಿಪ್ಪು,
ಸಾಲ್ಮನ್ ಸಾಕುವವರ ನೀಲಿ ಹಗ್ಗದ ತುಂಡು.
ಹಗ್ಗವನ್ನಷ್ಟೇ ಆಯ್ದು ಜೇಬಿಗೆ ತುರುಕಿದಳು:
“ಇದು ಕೊಳೆಯೋದಿಲ್ಲ.
ಕೊಳೆಯೋಕೆ ಬಾರದ್ದು ನಮಗೆ ಬೇಡ.”

ಬೇಲಿಯ ಪಕ್ಕ ರಾಶಿ ಎದ್ದಿತು.
ಪಾಚಿ, ಅದರ ಮೇಲೆ ಕುರಿದೊಡ್ಡಿಯ ಕಸ,
ಮತ್ತೆ ಪಾಚಿ, ಸೇಬು ಹಿಂಡಿದ ಸಿಪ್ಪೆ, ಮತ್ತೆ ಪಾಚಿ.
ಮುಚ್ಚಬೇಡವೇ ಅಂದೆ. ನಕ್ಕಳು.
ಉಪ್ಪು ತಿಂದದ್ದು ನೀರು ಕುಡಿಯಲೇಬೇಕಲ್ಲ.

ಕುಡಿಯಿತು. ಜೂನ್ ಪೂರ್ತಿ, ಜುಲೈ ಪೂರ್ತಿ,
ಓರೆ ಮಳೆ, ನೆಟ್ಟ ಮಳೆ, ಹೆಸರೇ ಇಡದ ಮಳೆ.
ಒಳಗೆ ಬೆಚ್ಚಗಾಗಿ ಹಬೆಯಾಡಿತು,
ಆಮೇಲೆ ನಾರಿತು.
ತಲೆದಿಂಬಿಗೂ ಆ ನಾತ ಹತ್ತಿದೆಯೆಂದು
ಒಂದು ರಾತ್ರಿ ಗಂಡನ ಜೊತೆ ಜಗಳ ಕಾದೆ.
ಅವನು ದಿಂಬು ಮೂಸಿ, ನಿಜವಾಗಿಯೂ ಅರ್ಥವಾಗದೆ,
“ಯಾವ ನಾತ?” ಅಂದ.

ವಾರಕ್ಕೊಮ್ಮೆ ಅತ್ತೆ ರಾಶಿಯೊಳಗೆ ಕೈಯಿಟ್ಟು
ಒಂದೆಳೆ ಕಿತ್ತು ನಾಲಗೆಗಿಡುವಳು,
ಕಣ್ಣು ಮುಚ್ಚುವಳು, ಉಗಿಯುವಳು:
“ಇನ್ನೂ ಕಡಲೇ.”

ಆಗಸ್ಟ್ ಕೊನೆಗೆ ಅವಳಿಗೆ ನೆಗಡಿ.
ಬಾಯಿರುಚಿ ಪೂರ್ತಿ ಸತ್ತಿತು.
ನಾಟಿಯ ದಿನ ಕಾಯುವುದಿಲ್ಲ.
“ನಿನ್ನ ನಾಲಗೆ ಕೊಡು” ಅಂದಳು,
ಪಕ್ಕದ ಮನೆಯ ಗುದ್ದಲಿ ಕೇಳಿದಷ್ಟೇ ಸಲೀಸಾಗಿ.

ಇಟ್ಟುಕೊಂಡೆ.
ತಣ್ಣಗೆ, ಲೋಳೆಲೋಳೆ,
ಹಿಂದಿನಿಂದ ಸಣ್ಣಗೆ, ತೀರಾ ಸಣ್ಣಗೆ,
ಯಾರೋ ಅತ್ತು ಒರೆಸಿಕೊಂಡ ಕೆನ್ನೆಯಂಥ ರುಚಿ.
ರಾಶಿ ಕಣ್ಣೆದುರಿಂದ ತೊಲಗಿದರೆ ಸಾಕಾಗಿತ್ತು.
“ಇಳಿದಿದೆ” ಅಂದೆ.

ಹರಡಿದೆವು. ನೆಟ್ಟೆವು.
ಕಪ್ಪು ಮಣ್ಣಲ್ಲಿ ಎರೆಹುಳು ಉಂಗುರ ಸುತ್ತಿದ್ದವು.
ಆರು ಸಾಲು ಆಲೂಗಡ್ಡೆ ಸೊಂಪಾಗಿ ಎದ್ದಿತು.
ರಾಶಿಯ ತಳದ ಗೊಬ್ಬರ ಬಿದ್ದ ಏಳನೆಯದು
ಎಲೆಯಂಚು ಸುಟ್ಟುಕೊಂಡು, ಮುದುಡಿಕೊಂಡು,
ಬೇಸಗೆಯಿಡೀ ನನ್ನನ್ನೇ ನೋಡುತ್ತಿತ್ತು.
ಅತ್ತೆ ಅದರ ಬದಿಯಲ್ಲೇ ದಿನಾ ಓಡಾಡಿದಳು,
ತುಟಿಪಿಟಕ್ಕೆನ್ನಲಿಲ್ಲ.

ಮಾರ್ಚ್‌ನಲ್ಲಿ ಅಗೆದೆವು.
ಒಳಗೆ ನೇರಳೆ ಬಣ್ಣದ, ಬೆರಳುದ್ದದ ಗಡ್ಡೆ,
ಹೆಡಿಗೆ ಹೆಡಿಗೆ.
ಏಳನೇ ಸಾಲಿನವು ಗೋಲಿಯಷ್ಟು, ಒಂದು ಬೊಗಸೆ.
ಅವನ್ನು ಬೇರೆಯಾಗಿ ಬೇಯಿಸಿ,
ಎಲ್ಲರೂ ಕೂತಮೇಲೆ
ನನ್ನ ತಟ್ಟೆಗೇ ಸುರಿದು,
ಉಪ್ಪಿನ ಬಟ್ಟಲನ್ನು
ನಿಧಾನವಾಗಿ
ಮೇಜಿನ ಆ ತುದಿಗೆ ಸರಿಸಿದಳು.