ಹೀಟ್ ನಂಬರು

ಮಾಚೇನಹಳ್ಳಿಯ ನಮ್ಮ ಫೌಂಡ್ರಿಯಲ್ಲಿ
ಎರಡು ಕೋಣೆ, ಬೆನ್ನಿಗೆ ಬೆನ್ನು.
ಒಂದರಲ್ಲಿ ಸಾವಿರದ ನಾನೂರು ಡಿಗ್ರಿಯ ಕಬ್ಬಿಣ,
ಒಂದರಲ್ಲಿ ಹದಿನೆಂಟು ಡಿಗ್ರಿಯ ಗಾಳಿ.
ನಡುವೆ ಒಂಬತ್ತಿಂಚಿನ ಗೋಡೆ.
ಹದಿನಾರು ವರ್ಷದಿಂದ
ಈಚೆಯದನ್ನು ತಣ್ಣಗಿಡುವವಳು ನಾನು, ಫಿಲೋಮಿನಾ.

ಸರ್ವರ್ ರೂಮು ಅಂತ ಬಾಗಿಲ ಮೇಲೆ ಬರೆದಿದೆ.
ಮೊದಲು ಇದು ಪ್ಯಾಟರ್ನ್ ಸ್ಟೋರು,
ಮರದಚ್ಚಿನ ವಾಸನೆ ಇನ್ನೂ ಹೋಗಿಲ್ಲ.
ಏಸಿ ತೊಟ್ಟಿಕ್ಕುವ ಮೂಲೆಗೊಂದು ಬಕೆಟ್ಟು.
ಆ ನೀರನ್ನು ಬ್ಯಾಟರಿಗೆ ಹಾಕಬೇಡವೋ ಅಂದರೂ
ರುದ್ರಾಚಾರಿ ಹಾಕುತ್ತಾನೆ.

ಮಂಗಳವಾರ ಒಬ್ಬರು ಬಂದರು,
ದೂರದ ಡೇಟಾ ಸೆಂಟರಿನವರು.
ನಮ್ಮ ಕರಿಮರಳಿನ ನೆಲದ ಮೇಲೆ
ಬಿಳಿ ಬೂಟು, ತುದಿಗಾಲು.
ಲ್ಯಾಪ್‌ಟಾಪು ತೆರೆದು ತೋರಿಸಿದರು:
ಎರಡು ದಿಕ್ಕಿನಿಂದ ಕರೆಂಟು, ಮೂರು ಜನರೇಟರು,
ಬೆರಳಿಟ್ಟರೆ ಮಾತ್ರ ತೆರೆಯುವ ಬಾಗಿಲು.
"ನಿಮ್ಮಲ್ಲಿ ಬೆಂಕಿಗೆ ಏನಿದೆ ಮೇಡಂ?"
ಗೋಡೆಯಾಚೆ ಕೈ ತೋರಿಸಿದೆ.
"ಬೆಂಕಿಯೇ ಇದೆ."

ಹಾಲಸ್ವಾಮಿಯವರು ನಗಲಿಲ್ಲ.
ಅವರ ಮುಂದೆ ಎರಡು ಕಾಗದ.
ಹೊಸ ಯುಪಿಎಸ್ಸು, ಹೊಸ ಏಸಿ, ಹೊಸ ಡಿಸ್ಕು,
ಒಟ್ಟು ಒಂದು ಲಾರಿಯ ಬೆಲೆ.
ಇಲ್ಲವೆ ತಿಂಗಳು ತಿಂಗಳು ಬಾಡಿಗೆ,
ಬಿಟ್ಟು ಬರುವುದಕ್ಕೂ ಒಂದು ಶುಲ್ಕ.
"ಸ್ವಂತದ್ದು ಸ್ವಂತದ್ದೇ ಅಲ್ವೇನಮ್ಮ" ಅಂದರು.
ಪೆನ್ನು ಮುಚ್ಚಿದರು, ತೆಗೆದರು.

ಹೌದು ಸಾರ್, ಸ್ವಂತದ್ದು.
ಅದಕ್ಕೇ ಕ್ರಿಸ್‌ಮಸ್ ರಾತ್ರಿ
ಬಲಿಪೂಜೆ ಅರ್ಧಕ್ಕೆ ಬಿಟ್ಟು
ಹೊಸ ಸೀರೆಯಲ್ಲಿ ಡೀಸೆಲ್ ಕ್ಯಾನು ಎತ್ತಿದ್ದೇನೆ.
ಏಪ್ರಿಲ್ಲಿನ ಒಂದು ಸಿಡಿಲಿಗೆ
ಮೂರು ದಿನದ ಹಾಜರಿ ಹೋಯಿತು,
ಮೂವತ್ತು ಜನರ ಬೈಗುಳ ಮಾತ್ರ ಉಳಿಯಿತು.

ಹಾಗಂತ ಎಲ್ಲ ಅಲ್ಲಿಗೆ ಕಳಿಸಿದರೆ?
ರಸ್ತೆ ಅಗಲ ಮಾಡುವ ಜೆಸಿಬಿ
ಭದ್ರಾವತಿ ದಾರಿಯಲ್ಲಿ ಕೇಬಲ್ಲು ಕಿತ್ತರೆ
ಅಲ್ಲಿಯದು ಎಷ್ಟು ಭದ್ರವಾಗಿದ್ದರೇನು?
ಕುಲುಮೆ ಎರಡು ಸೆಕೆಂಡಿಗೊಮ್ಮೆ
ಒಂದು ಅಂಕಿ ಕೇಳುತ್ತದೆ.
ಕರಗಿದ ಕಬ್ಬಿಣ
ಲೈನು ಸಿಗಲಿ ಎಂದು ಕಾಯುವುದಿಲ್ಲ,
ಲ್ಯಾಡಲ್ಲಿನೊಳಗೇ ಹಟ ಹಿಡಿದು ಕೂತುಬಿಡುತ್ತದೆ.

ಅಷ್ಟರಲ್ಲಿ ಪುಣೆಯಿಂದ ಫೋನು.
ಬ್ರೇಕ್ ಡ್ರಮ್ಮೊಂದು ಬಿರುಕು ಬಿಟ್ಟಿದೆಯಂತೆ,
ಹನ್ನೊಂದು ವರ್ಷದ ಹಿಂದಿನದು.
ಹೀಟ್ ನಂಬರು ಓದಿದರು.
ಆ ದಿನ ಇಂಗಾಲ ಎಷ್ಟು, ಗಂಧಕ ಎಷ್ಟು,
ಕುಲುಮೆಯ ಮುಂದೆ ನಿಂತದ್ದು ಯಾರು.
ಆ ವರ್ಷದ ಡಿಸ್ಕು
ಹಲ್ಲಿಯ ಹಾಗೆ ನಾಲ್ಕು ಸಲ ಲೊಚಗುಟ್ಟಿ
ಸುಮ್ಮನಾಯಿತು.
ಬಿಳಿ ಬೂಟಿನವರು ಕಿಟಕಿಯಾಚೆ ನೋಡಿದರು.
ಒಳ್ಳೆಯವರು, ಏನೂ ಅನ್ನಲಿಲ್ಲ.

ನಮ್ಮ ಮನೆಯ ಹೆಪ್ಪು ಕೆಟ್ಟ ದಿನ
ಅಮ್ಮ ಬಟ್ಟಲು ಕೊಟ್ಟು
ಪಕ್ಕದ ಜುಬೇದಮ್ಮನ ಮನೆಗೆ ಕಳಿಸುತ್ತಿದ್ದಳು.
ಅಲ್ಲಿದ್ದದ್ದೂ ನಮ್ಮದೇ ಹೆಪ್ಪು,
ಹೋದ ವಾರ ಅವರು ಒಯ್ದದ್ದು.
ಯಾರದು ಯಾರ ಮನೆಯಲ್ಲಿ ಹೆಪ್ಪುಗಟ್ಟಿತು
ಎಂದು ಯಾರೂ ಕೇಳುತ್ತಿರಲಿಲ್ಲ.

ಹಾಗಾಗಿ, ಸಾರ್, ಬೈಯಬೇಡಿ,
ಗೋಪಾಳದ ನನ್ನ ಮನೆಯಲ್ಲಿ
ಅಕ್ಕಿ ಡಬ್ಬದ ಪಕ್ಕ
ಇನ್ನೊಂದು ಡಿಸ್ಕಿದೆ.

ಹಾಲಸ್ವಾಮಿಯವರಿಗೆ ಸಿಟ್ಟು ಬಂತು.
ಆಮೇಲೆ ಕಾಫಿ ಬಂತು.
ಇಂಗಾಲ ಮೂರು ಪಾಯಿಂಟ್ ನಾಲ್ಕು,
ತಪ್ಪು ನಮ್ಮದಲ್ಲ.

ಸಹಿ ಬಿತ್ತು, ಎರಡೂ ಕಾಗದಕ್ಕೆ,
ಎರಡರಲ್ಲೂ ಅರ್ಧರ್ಧ ಸಾಲು ಹೊಡೆದು.
ಕುಲುಮೆಯ ಅಂಕಿ ಇಲ್ಲೇ,
ಉಳಿದದ್ದು ಅಲ್ಲಿಗೆ.

ಶನಿವಾರ ಟೆಂಪೋ ಬಂದು ಹೋಯಿತು.
ರ‍್ಯಾಕು ನಿಂತಿದ್ದ ನೆಲದಲ್ಲಿ
ಬೆಳ್ಳಗಿನ ಎರಡು ಚೌಕ.
ಮೋಲ್ಡಿಂಗಿನ ಹುಡುಗರು ಅಲ್ಲಿ ಊಟದ ಡಬ್ಬಿ ಇಡುತ್ತಾರೆ,
ಮಧ್ಯಾಹ್ನದವರೆಗೂ ಮೊಸರನ್ನ ಹುಳಿಯಾಗುವುದಿಲ್ಲವಂತೆ.
ಇಡಲಿ ಬಿಡಿ.

ಅಕ್ಕಿ ಡಬ್ಬದ ಪಕ್ಕದ ಡಿಸ್ಕನ್ನು
ಇನ್ನೂ ಯಾರೂ ವಾಪಸು ಕೇಳಿಲ್ಲ.
ನಾನೂ ಕೊಟ್ಟಿಲ್ಲ.