ದಿನಕ್ಕೆ ಎಷ್ಟು

ಜನವರಿಯ ಮೂರನೇ ಭಾನುವಾರ, ಬೆಳಗಿನ ಆರೂವರೆ.
ಎಲೆಮಲ್ಲಪ್ಪ ಶೆಟ್ಟಿ ಕೆರೆಯ ಏರಿ ಮೇಲೆ
ನಾನು, ನನ್ನ ಎಣಿಕೆಯ ಪುಸ್ತಕ,
ಮೆಲ್ಬರ್ನಿನಿಂದ ಬಂದ ಲೆನಿ ಅಂಕಲ್
ಮಡಿಸುವ ಕುರ್ಚಿಯಲ್ಲಿ, ಮೊಣಕಾಲಿಗೆ ಶಾಲು.

ಕುಕ್ ಟೌನಿನಲ್ಲಿ ಹುಟ್ಟಿ
ಹತ್ತೊಂಬತ್ತಕ್ಕೆ ಹಡಗು ಹತ್ತಿದವರು.
ಅವರಪ್ಪ ಹೊಡೆದ ಬಾತನ್ನು
ಈ ನೀರಿಗೆ ಕತ್ತಿನವರೆಗೆ ಇಳಿದು ತರುತ್ತಿದ್ದವನು
ನನ್ನ ತಾತ, ಪಿಳ್ಳಪ್ಪ.
ಜೊಂಡು ಚುಚ್ಚೀತೆಂದು
ನಾಯಿಯನ್ನು ಜೀಪಿನಲ್ಲೇ ಬಿಡುತ್ತಿದ್ದರಂತೆ.
ಇದನ್ನು ಅಂಕಲ್ ನಗುತ್ತ ಶುರುಮಾಡಿ
ನಗದೆ ಮುಗಿಸಿದರು.

"ನಮ್ಮ ವಿಕ್ಟೋರಿಯಾದಲ್ಲಿ ಪರೀಕ್ಷೆ ಉಂಟಮ್ಮ.
ಪರದೆ ಮೇಲೆ ಬಾತು ಹಾರುತ್ತೆ, ಯಾವುದು ಅಂತ ಹೇಳಬೇಕು.
ತಪ್ಪಿದರೆ ಲೈಸೆನ್ಸಿಲ್ಲ.
ಸೀಸದ ಗುಂಡು ಕೂಡದು, ಉಕ್ಕೇ ಆಗಬೇಕು.
ದಿನಕ್ಕೆ ಎಷ್ಟು ಅನ್ನೋದು ಆ ವರ್ಷದ ನೀರು ನೋಡಿ.
ಪರ್ತ್‌ನಲ್ಲಿರೋ ನನ್ನ ತಮ್ಮ ಬಂದೂಕು ಮಾರಿಬಿಟ್ಟ,
ಅಲ್ಲಿ ಪೂರ್ತಿ ಬಂದ್.
ದೇಶ ಒಂದೇ, ಬಾತೂ ಅದೇ,
ಗಡಿ ದಾಟಿದರೆ ಜಾತಕವೇ ಬೇರೆ."

ತಾತನಿಗೂ ಕಾಯ್ದೆಗಳಿದ್ದವು, ಬರೆದಿಟ್ಟಿರಲಿಲ್ಲ.
ಈ ಕೆರೆಯಲ್ಲಿ ವರಟೆಗೆ ನಾಲ್ಕಾಣೆ,
ಸೂಜಿಬಾಲದ ಬಾತಿಗೆ ಎರಡು, ಅದು ಹಗುರ.
ಹೊಸೂರಿನಾಚೆ ಮದ್ರಾಸಿನ ಪರ್ಮಿಟ್ಟು,
ಕೂಲಿ ಕಡಿಮೆ, ಆದರೆ ಮಧ್ಯಾಹ್ನದ ಊಟ ಅವರದೇ.
ಕುಂತ ಹಕ್ಕಿಗೆ ಹೊಡೆದ ಸಾಹೇಬನಿಗೆ
ತಾನೇ ಹೋಗಿ ತಂದುಕೋ ಎನ್ನುವಂತೆ
ಬೀಡಿ ಹಚ್ಚಿ ಕೂರುವುದು.
ದುಗ್ಗಲಮ್ಮನ ಗುಡಿಯಿರುವ ಏರಿಯಲ್ಲಿ
ಎಷ್ಟು ಕೊಟ್ಟರೂ ಇಲ್ಲ:
"ಅಲ್ಲಿ ನಂಗೆ ನೀರೇ ಕಾಣಾಕಿಲ್ಲ ಸಾಮಿ."

"ಈಗ ಇಲ್ಲಿ ದಿನಕ್ಕೆ ಎಷ್ಟು?"
ಗೊತ್ತಿದ್ದೂ ಕೇಳಿದರು ಅನಿಸಿತು.
ಸೊನ್ನೆ, ಎಂದೆ. ಎಪ್ಪತ್ತೆರಡರ ಕಾಯ್ದೆ.
ಹೊಸೂರಿನಲ್ಲೂ ಸೊನ್ನೆ, ದುಗ್ಗಲಮ್ಮನಲ್ಲೂ ಸೊನ್ನೆ.
"ಒಳ್ಳೇದು," ಎಂದರು.
ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಆರಿತು.
"ಹಾಗಾದರೆ ಬಾತೆಲ್ಲಿ?"

ವರಟೆ ಹದಿನೇಳು.
ಬಿಳಿಹುಬ್ಬಿನವು ಒಂಬತ್ತು.
ಸಲಿಕೆಕೊಕ್ಕು ನಲವತ್ತು,
ಅಲ್ಲ, ಅದೊಂದು ಪ್ಲಾಸ್ಟಿಕ್ ಕೊಡ, ಮೂವತ್ತೊಂಬತ್ತು.
ಸೂಜಿಬಾಲದ ಮುಂದೆ ಗೀಟು.
ರಾತ್ರಿ ಲಾರಿಗಳು ಸುರಿದುಹೋದ ಕಟ್ಟಡದ ಮಣ್ಣು
ಆಚೆ ದಂಡೆಯಲ್ಲಿ ಹೊಸ ಹೊಸ ಗುಡ್ಡ.
ಆ ಚಾಲಕರಿಗೆ ಯಾರೂ
ಪರದೆ ಹಾಕಿ ಪರೀಕ್ಷೆ ಮಾಡಿಲ್ಲ.

"ನಮ್ಮಲ್ಲಿ ಲೈಸೆನ್ಸಿನ ದುಡ್ಡಲ್ಲೇ
ಜೌಗು ನೆಲ ಖರೀದಿ ಮಾಡಿದರು, ಒಂದು ಕಾಲಕ್ಕೆ.
ಕೊಂದವರೇ ಕೊಂಡೆವು ನೋಡು."
ಅರ್ಧ ಮರೆತ ಕನ್ನಡದಲ್ಲಿ
ಇಷ್ಟು ಸರಿಯಾಗಿ ಕೂತ ಮಾತಿಗೆ
ಅವರೇ ಬೆಚ್ಚಿದಂತೆ ಕಂಡರು.
ನಾನು ಪೆನ್ಸಿಲ್ ಹೆರೆಯುತ್ತ ಕೂತೆ.
ತಾತನ ಹೆಸರಲ್ಲಿ ಕೋಪ ಮಾಡಿಕೊಳ್ಳಬೇಕೆನಿಸಿತು,
ಆದರೆ ತಾತನಿಗೇ ಇರಲಿಲ್ಲ ಅದು,
ಚಳಿ ಇತ್ತು, ಬೆಳಗಿನ ಜಾವದ ನೀರಿನದು.
ಕಡೆಯವರೆಗೂ ಕಾಲಿನಲ್ಲಿ ಉಳಿದಿತ್ತು.

ಹಳೇ ಮದ್ರಾಸು ರಸ್ತೆಯಲ್ಲಿ ಬಸ್ಸೊಂದು
ಹಾರನ್ನು ಒತ್ತಿ ಹಿಡಿಯಿತು.
ಜೊಂಡಿನ ಸಂದಿನಿಂದ ಒಂದು ಹಿಂಡು ಎದ್ದಿತು.
ಅಂಕಲ್ಲಿನ ಬಲಭುಜ ತಾನಾಗಿ ಮೇಲೆ ಬಂತು,
ಎಡಗಣ್ಣು ಮುಚ್ಚಿತು,
ತೋರುಬೆರಳು ಹಕ್ಕಿಗಿಂತ ಒಂದು ಮೊಳ ಮುಂದೆ
ಗಾಳಿಯಲ್ಲಿ ಸರಿಯಿತು, ನಿಂತಿತು.

"ಹನ್ನೊಂದು," ಎಂದರು.
ಹನ್ನೊಂದೇ. ಬರೆದುಕೊಂಡೆ.

ಕುರ್ಚಿ ಮಡಿಸುವಾಗ ಅಂಕಲ್
ಕೈಯನ್ನು ತಮ್ಮ ಕತ್ತಿನ ಬಳಿ ಅಡ್ಡ ಹಿಡಿದು
"ಪಿಳ್ಳಪ್ಪನಿಗೆ ಇಲ್ಲಿವರೆಗೆ ಬರುತ್ತಿತ್ತು," ಎಂದರು.
ಅವರು ತೋರಿಸಿದ ಕಡೆ ನೋಡಿದೆ.
ನಮ್ಮ ಕಾರು ಅಲ್ಲೇ ನಿಂತಿತ್ತು.