ಉಪ್ಪಿನ ಗುಳಿಗಿ

ಗದಗ ಡಿಪೋದಿಂದ ಬಸ್ಸು ಬಿಡೂದು ಆರೂ ಹತ್ತಕ್ಕ.
ಅದಕ್ಕಿಂತ ಮೊದಲ ಎರಡು ಬಾಟ್ಲಿ ನೀರು ತುಂಬ್ಕೋತೀನಿ,
ಒಂದು ಸೀಟಿನ ಕೆಳಗ, ಒಂದು ಚೀಲದಾಗ.
ಹುಲಕೋಟಿ ಬರೂದರೊಳಗ ಒಂದು ಖಾಲಿ.

ನಾಲಿಗಿ ಮ್ಯಾಲೆ ಸದಾ ಒಂದು ರೂಪಾಯಿ ನಾಣ್ಯ ಇಟ್ಟಂಗ.
ಮೊದಮೊದಲು ತಿಳದಿದ್ದೆ,
ದಿನಾ ಚಿಲ್ರಿ ಎಣಿಸಿ ಅದರ ರುಚಿ ಬಾಯಿಗೆ ಏರೇತಿ ಅಂತ.
ಅಲ್ಲಂತ. ಗುಳಿಗೀದಂತ.
"ಇದೂ ಒಂದು ಥರದ ಉಪ್ಪು, ದಾಕ್ಷಾಯಣಿ," ಅಂದ್ರು ಡಾಕ್ಟರು,
"ಕಲ್ಲಿನೊಳಗಿಂದ ತಗದದ್ದು.
ಊಟದ ಉಪ್ಪು ಬಿಡಬ್ಯಾಡ್ರಿ, ನೀರು ಕಡಿಮಿ ಮಾಡಬ್ಯಾಡ್ರಿ."

ಉಪ್ಪು ತಿಂದ ಮ್ಯಾಲೆ ನೀರು ಕುಡೀಲೇಬೇಕು –
ನಮ್ಮತ್ತಿ ಈ ಗಾದಿ ಹೇಳೂದು ಗೋಡಿಗೆ,
ಕೇಳಬೇಕಾದಾಕಿ ನಾನು.
ನಾ ಏನು ತಿಂದೆ ಅತ್ತಿ? ಯಾರದು ತಿಂದೆ?
ಎರಡು ಬಿಳೇ ಗುಳಿಗಿ, ರಾತ್ರಿ, ರೊಟ್ಟಿ ಆದ ಮ್ಯಾಲೆ.

ಕುಡದ ನೀರು ನಿಲ್ಲೂದಿಲ್ಲ.
ಅಣ್ಣಿಗೇರಿ ಸ್ಟ್ಯಾಂಡಿನ್ಯಾಗ ಐದು ರೂಪಾಯಿ ಕೊಟ್ಟು ಹೋಗಿ ಬಂದ್ರೂ
ನಲವಡಿ ದಾಟೂದರಾಗ ಕಾಲು ಜೋಡಿಸಿ ನಿಲ್ತೀನಿ,
ಕಂಬಿ ಹಿಡಕೊಂಡು.
ಎರಡೂ ಕಡೆ ಎರಿ ಹೊಲ, ಮರೆಗೊಂದು ಗಿಡ ಇಲ್ಲ.
ಡ್ರೈವರ್ ಮೌಲಾಸಾಬಣ್ಣ ಕನ್ನಡಿಯಾಗ ನೋಡ್ತಾನ,
ಏನೂ ಕೇಳೂದಿಲ್ಲ.
ಪೆಟ್ರೋಲ್ ಬಂಕಿಗೆ ಬಸ್ಸು ತಿರುವಿ
"ಹಿಂದಿನ ಗಾಲಿ ಯಾಕೋ ಸಪ್ಪಳ ಮಾಡಾಕತ್ತೇತಿ," ಅಂತ ಇಳೀತಾನ.
ನಾಕು ವರ್ಷಾತು.
ಆ ಗಾಲಿ ಇನ್ನೂ ರಿಪೇರಿ ಆಗಿಲ್ಲ.

ಕೈ ನಡುಗ್ತಾವ. ಭಾಳಲ್ಲ,
ಬೇವಿನೆಲಿ ತುದಿ ಅಲುಗಿದಷ್ಟ.
ಮಶೀನಿನ ಗುಂಡಿ ಸಣ್ಣು; ಎರಡು ಒತ್ತಿದರ ಐದು ಬೀಳ್ತೇತಿ.
ಬಿದ್ದ ಚಿಲ್ರಿ ಆರಿಸಾಕ ಬಗ್ಗಿದರ
ಕೋಟಿನ ಗುಂಡಿ ಕಿತ್ತು ಬರ್ತೇತಿ –
ಹನ್ನೊಂದು ಕಿಲೋ ಏರೀನಿ, ಖಾಕಿ ಹಳೇದ ಐತಿ.
"ಆರಾಮ ಅದೀರಿ ನೋಡ್ರಿ, ಮೈಕೈ ತುಂಬ್ಕೊಂಡೀರಿ,"
ಅಂದಳು ಶಿರಗುಪ್ಪಿಯ ಮೆಣಸಿನಕಾಯಿ ಮಾರೂಕಿ.
ಹೂಂ ಅಂದೆ.

ಸುಳ್ಳ್ಯಾಕ ಹೇಳ್ಲಿ, ಆ ದಿನಗಳು ನೆನಪಾಗ್ತಾವ.
ನಿದ್ದಿ ಬ್ಯಾಡ, ಊಟ ಬ್ಯಾಡ,
ಹತ್ತಿದವರ ಮಾರಿ ನೋಡೇ ಇಳಿಯೂ ಊರು ಹೇಳ್ತಿದ್ದೆ.
ಡೀಸೆಲ್ ಸುಳ್ಳು, ಬಸ್ಸು ನನ್ನ ಉಸುರಿಗೆ ಓಡಾಕತ್ತೇತಿ ಅನಸ್ತಿತ್ತು.
ಕಡೀ ದಿನ ಐವತ್ತೆರಡು ಮಂದಿಗೆ, ಗಂಡು ಹೆಣ್ಣು ಎಲ್ಲಾರಿಗೂ,
ದುಡ್ಡು ಮುಟ್ಟದ ಟಿಕೆಟ್ ಹರದು ಕೊಟ್ಟೆ,
ನೀವೆಲ್ಲ ನಮ್ಮ ಬೀಗರು ಅಂತ.
ಹುಬ್ಬಳ್ಳಿ ಹತ್ರ ಚೆಕಿಂಗಿನವರು ಹತ್ತಿದರು.
ಅವರಿಗೂ ಕೊಟ್ಟೆ.

ಸಸ್ಪೆಂಡ್.
ಈಗ ಸರಕಾರನ ಹೆಂಗಸರಿಗೆ ಸೊನ್ನಿ ರೂಪಾಯಿ ಟಿಕೆಟ್ ಕೊಡ್ತೇತಿ,
ಹರಿಯೂಕಿ ನಾನ.
ಯಾರಿಗೂ ಹುಚ್ಚು ಅನಸೂದಿಲ್ಲ.

ಗುಳಿಗಿ ಒಮ್ಮೆ ಬಿಟ್ಟಿದ್ದೆ, ಯಾರಿಗೂ ಹೇಳದ.
ಆ ಕತಿ ಬ್ಯಾಡ.
ನನ್ನ ಮಗಳು ಎಂಟು ವರ್ಷದಾಕಿ,
ಹಾಸಿಗಿಯಾಗ ಕೂಡ್ರಿಸಿ ನನಗ ತಲಿ ಬಾಚಿದಳು.
ಈಗ ಹಣಿಗಿ ತುಂಬ ಕೂದಲಾ ಬರ್ತಾವ,
ಆಕಿ ಉಂಡಿ ಕಟ್ಟಿ ಕಿಡಕಿಯಿಂದ ಒಗೀತಾಳ.

ಮೂರು ತಿಂಗಳಿಗೊಮ್ಮೆ, ಧಾರವಾಡ ಮುಟ್ಟಿದ ಮ್ಯಾಲೆ,
ರಕ್ತ ಕೊಡಾಕ ದವಾಖಾನಿಗೆ ನಡೀತೀನಿ.
ಚೀಟಿ ಮ್ಯಾಲೆ ಬರ್ತೇತಿ: ಸೊನ್ನೆ ಪಾಯಿಂಟ್ ಏಳು.
ಅಷ್ಟ ಇರಬೇಕಂತ ನಾನು.

ಮೊನ್ನೆ ಹುಬ್ಬಳ್ಳಿಯಾಗ ಹತ್ತಿದ ಕಾಲೇಜು ಹುಡುಗರು,
ಒಬ್ಬವ ಇನ್ನೊಬ್ಬನ ಹೆಗಲಿಗೆ ಹೊಡದು,
"ಅಕ್ಕಾರ, ಇವಗೊಂದು ಧಾರವಾಡ ಕೊಡ್ರಿ,
ತಲಿ ಕೆಟ್ಟೇತಿ, ದವಾಖಾನಿ ಮುಂದನ ಇಳಸ್ರಿ."
ಬಸ್ಸಿಗೆ ಬಸ್ಸ ನಕ್ಕಿತು.
ಈ ಕಡೆ ಈ ಮಾತಿಗೆ ಎಲ್ಲಾರೂ ನಗ್ತಾರ,
ಸಣ್ಣಾಕಿದ್ದಾಗ ನಾನೂ ನಕ್ಕೀನಿ.
ಟಿಕೆಟ್ ಹರದೆ. ಕಾಗದ ನಡುಗಿತು.
"ಬರೂ ಬಸ್ಸೂ ಇರ್ತೇತಿ ತಮ್ಮಾ," ಅಂದೆ,
"ನಾ ದಿನಾ ಬರ್ತೀನಿ."

ಅವಗ ತಿಳೀಲಿಲ್ಲ.
ಆದರ ಕಿಡಕಿ ಹತ್ರ ಕುಂತಿದ್ದ ಅವನ ಗೆಳೆಯಾ
ನಗೂದು ಬಿಟ್ಟು ನನ್ನ ಕೈ ನೋಡಿದ.
ಚೀಲದಾಗಿಂದ ಬಾಟ್ಲಿ ತಗದು ನೀರು ಕುಡದ.
ಮುಚ್ಚಳ ತಿರುವಿದ.
ಮತ್ತ ತಗದು ಕುಡದ.

ನವಲೂರು ಬಂತು. ಸೀಟಿ ಊದಿದೆ.